ಗೆರೆ ಇದ್ದಲ್ಲೇ ಹರಿಯುತ್ತದೆ

ನಮ್ಮ ಕಾಕಾ ಕಲಬುರಗಿ ಎಪಿಎಂಸಿಯಲ್ಲಿ ಹಮಾಲಿ. ತೊಗರಿ ಚೀಲ ಹೊತ್ತು ಹೊತ್ತು ಬಲಭುಜದ ಟೆಂಡನ್, ಅಂದರೆ ಮಾಂಸಖಂಡವನ್ನು ಎಲುಬಿಗೆ ಕಟ್ಟಿಡುವ ಹುರಿ, ಎಲುಬಿನಿಂದ ಕಿತ್ತು ಬಂದಿತ್ತು. ಎಲುಬಿಗೆ ಆಂಕರ್ ಅನ್ನೋ ಪುಟ್ಟ ಮೊಳೆಯಂಥದ್ದು ಹಾಕಿ ಹೊಲಿದರು, ವರ್ಷದೊಳಗೆ ಮತ್ತೆ ಹರಿಯಿತು. "ನೀ ಓದಿದಾಂವ, ಹೊಲಿಗಿ ಯಾಕ ನಿಲ್ಲಲಿಲ್ಲ ಹೇಳು ತಮ್ಮಾ" ಅಂದರು.

ಅದನ್ನೇ ನಾನು ಲ್ಯಾಬಿನಲ್ಲಿ ಹುಡುಕುತ್ತಿದ್ದೆ. ಟೆಂಡನ್ ಮೆತ್ತಗೆ, ಎಲುಬು ಗಟ್ಟಿ. ನಡುವೆ ತೆಳ್ಳಗಿನ ಮೃದು ಎಲುಬಿನ ಪದರ ಇರುತ್ತದೆ, ಟೆಂಡನ್ ಕಡೆ ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಎಲುಬಿನ ಕಡೆ ಇದೆ. ಒಮ್ಮೆ ಕಿತ್ತರೆ ಆ ಪದರ ಮೊದಲಿನಂತೆ ಬೆಳೆಯುವುದಿಲ್ಲ, ಅಲ್ಲಿ ಬರೀ ಗಾಯದ ಕಲೆ ತುಂಬಿಕೊಳ್ಳುತ್ತದೆ.

ಆ ಪದರದ ಹಾಗಿರುವ ಒಂದು ಪಟ್ಟಿ ಮಾಡಬೇಕಿತ್ತು. ಪಿಸಿಎಲ್ ಅನ್ನೋ ಪ್ಲಾಸ್ಟಿಕ್ಕನ್ನು ಕ್ಲೋರೋಫಾರ್ಮ್ ಬೆರೆಸಿ ಕರಗಿಸಿ, ಸೂಜಿಗೆ 15 ಕಿಲೋವೋಲ್ಟ್ ಕೊಟ್ಟು, ತಿರುಗುವ ಡ್ರಮ್ ಮೇಲೆ ಎಳೆ ಎಳೆಯಾಗಿ ಸುತ್ತಿಸಿದೆ. ಡ್ರಮ್ ಜೋರಾಗಿ ತಿರುಗಿದರೆ ಎಳೆಗಳು ಟೆಂಡನ್ನಿನಲ್ಲಿರುವಂತೆ ಒಂದೇ ದಿಕ್ಕಿಗೆ ಮಲಗುತ್ತವೆ. ಆದರೆ ನಮ್ಮೂರ ಮೇ ತಿಂಗಳು ಗೊತ್ತಲ್ವಾ, ದ್ರಾವಣ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತಿತ್ತು. ಬೆಳಿಗ್ಗೆ ಆರಕ್ಕೇ ಹೋಗಿ ಕೂಡುತ್ತಿದ್ದೆ. ಅಷ್ಟರಲ್ಲಿ ಕರೆಂಟ್ ಹೋದರೆ ಆ ದಿನ ಮುಗೀತು.

ಮೊದಲ ಸಲ ಅವಸರ ಮಾಡಿದೆ. ಪಟ್ಟಿಯ ಅರ್ಧವನ್ನು ಮಾತ್ರ ಕ್ಯಾಲ್ಸಿಯಂ ಫಾಸ್ಫೇಟ್ ಕೂರಿಸುವ ಉಪ್ಪು ದ್ರಾವಣದಲ್ಲಿ ಅದ್ದಿ ತೆಗೆದೆ. ಕ್ಲಿಪ್ ಹಾಕಿ ತೂಕ ನೇತುಹಾಕಿದರೆ, ಅದ್ದಿದ ಗೆರೆಯಲ್ಲೇ ಸೀಳಿತು. ಎಲ್ಲ ಪಟ್ಟಿಗಳದ್ದೂ ಅದೇ ಕಥೆ. ಕೌದಿಯ ಹಳೇ ಸೀರೆಗೆ ದಪ್ಪ ಜಮಖಾನೆ ತುಂಡು ಹಚ್ಚಿದರೆ ಹೊಲಿಗೆಯ ಪಕ್ಕದಲ್ಲೇ ಪಿಸಿಯುತ್ತದಲ್ಲ, ಹಾಗೆ. ಕಾಕಾನ ಭುಜದಲ್ಲಿ ಆಗಿದ್ದೂ ಹೆಚ್ಚುಕಡಿಮೆ ಇದೇ.

ಗೆರೆಯೇ ಇರಬಾರದು. 2009ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇಂಥದೇ ಅತಿ ತೆಳು ನ್ಯಾನೋ ಎಳೆಗಳ ಮೇಲೆ ಕ್ಯಾಲ್ಸಿಯಂ ಖನಿಜವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಕ್ರಮೇಣ ಕಡಿಮೆ ಮಾಡಿ ತೋರಿಸಿದ್ದರು. ನಾನೂ ಪಟ್ಟಿಯನ್ನು ಬಾಟಲಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಿರಿಂಜ್ ಪಂಪಿನಿಂದ ದ್ರಾವಣವನ್ನು ನಿಧಾನಕ್ಕೆ ಏರಿಸಿದೆ. ಕೆಳಗಿನ ತುದಿ ಜಾಸ್ತಿ ಹೊತ್ತು ನೆನೆಯುತ್ತದೆ, ಮೇಲಿನದು ಕಡಿಮೆ. ಕ್ಯಾಲ್ಸಿಯಂ ಇದ್ದಲ್ಲಿ ಕೆಂಪಾಗುವ ಅಲಿಜರಿನ್ ಬಣ್ಣ ಹಾಕಿ ನೋಡಿದಾಗ ಕಡುಗೆಂಪು ಮೇಲೇರುತ್ತಾ ಮಸುಕಾಗಿತ್ತು. ಸುಮ್ನೆ ಐದು ನಿಮಿಷ ಅದನ್ನೇ ನೋಡುತ್ತಾ ಕೂತೆ! ಮತ್ತೆ ತೂಕ ನೇತುಹಾಕಿದಾಗ ಐದರಲ್ಲಿ ಮೂರು ಪಟ್ಟಿ ಬೇರೆ ಬೇರೆ ಕಡೆ ಹರಿದವು, ಎರಡು ಕ್ಲಿಪ್ಪಿನಿಂದಲೇ ಜಾರಿದವು.

ಫೋಟೋ ತೋರಿಸಿದರೆ ಕಾಕಾ, "ಇದು ನನ್ನ ಭುಜಕ್ಕ ಯಾವಾಗ?" ಅಂದರು. ಇನ್ನೂ ಇದರ ಮೇಲೆ ಜೀವಕೋಶವನ್ನೇ ಬೆಳೆಸಿಲ್ಲ ಕಾಕಾ, ಅಂದೆ. ಕ್ಲಿಪ್ಪಿನ ಬಾಯಿಗೆ ಉಜ್ಜುಕಾಗದ ಅಂಟಿಸಿದ್ದೇನೆ, ಸೋಮವಾರ ಮತ್ತೆ ಎಳೆದು ನೋಡಬೇಕು.