ಕೆಂಪಿ ಗುರ್ ಎಂದ ಮಧ್ಯಾಹ್ನ

ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ ನಮ್ಮ ಮನೆ. ಮಗಳು ಹುಟ್ಟುವಾಗ ಕೆಂಪಿಗೆ 4 ವರ್ಷ. ಊರ ನಾಯಿ. ನಾನು ಬಾಣಂತನ ಮುಗಿಸಿ ತವರಿನಿಂದ ಬರುವ ಮೊದಲೇ ಇವರು ಮಗುವನ್ನು ಸುತ್ತಿದ್ದ ಒಂದು ಹಳೇ ಬಟ್ಟೆ ತಂದು ಕೆಂಪಿಯ ಗೋಣಿಯ ಪಕ್ಕ ಇಟ್ಟಿದ್ದರು. ನಾವು ಬಂದ ದಿನ ಅವಳು ಮೈಮೇಲೆ ಹಾರಲಿಲ್ಲ. ದೂರದಿಂದಲೇ ಮೂಸಿ ನೋಡಿ ಜಗಲಿಯ ಮೂಲೆಯಲ್ಲಿ ಮಲಗಿದಳು.

ಕಷ್ಟ ಶುರುವಾದದ್ದು ಮಗಳು ಅಂಬೆಗಾಲಿಟ್ಟ ಮೇಲೆ. ಒಂದು ಮಧ್ಯಾಹ್ನ ಕೆಂಪಿ ಅಡಿಕೆ ಹಾಳೆಯಲ್ಲಿ ಹಾಕಿದ್ದ ಗಂಜಿ ತಿನ್ನುತ್ತಿದ್ದಳು. ನಾನು ಹಲಸಿನ ಹಪ್ಪಳ ಮಗುಚಲು ಅಂಗಳಕ್ಕೆ ಇಳಿದಿದ್ದೆ. ತಿರುಗಿ ನೋಡುವಾಗ ಮಗಳ ಕೈ ಹಾಳೆಯ ಅಂಚಿನಲ್ಲಿತ್ತು. ಕೆಂಪಿ ತಿನ್ನುವುದು ನಿಲ್ಲಿಸಿದ್ದಳು. ತಲೆ ತಗ್ಗಿಸಿ, ಮೈ ಬಿಗಿ ಮಾಡಿ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಟ. ಗುರ್ ಎಂದಳು. ಓಡಿ ಹೋಗಿ ಮಗಳನ್ನು ಎತ್ತಿಕೊಂಡೆ.

ಅತ್ತೆ ಕೋಲು ತಂದರು. "ಹೊಡೀಬೇಡಿ ಅತ್ತೆ, ಅವಳು ಕಚ್ಚಲಿಲ್ಲ. ಬೇಡ ಅಂತ ಹೇಳಿದ್ದು ಅಷ್ಟೇ" ಎಂದೆ. ಗುರ್ ಎಂದದ್ದಕ್ಕೆ ಹೊಡೆದರೆ ನಾಯಿ ಮುಂದಿನ ಸಲ ಹೇಳದೆಯೇ ಕಚ್ಚಬಹುದು. ತಪ್ಪು ನನ್ನದೇ ಆಗಿತ್ತು.

ಅಂದಿನಿಂದ ಕೆಂಪಿಯ ಊಟ, ನಿದ್ದೆ ಸೌದೆ ಕೊಟ್ಟಿಗೆಯಲ್ಲಿ. ಬಾಗಿಲಿಗೆ ಅಡ್ಡ ಹಲಗೆ ಇಟ್ಟೆವು. ಕೆಂಪಿ ಹಾರುತ್ತಾಳೆ, ಮಗಳಿಗೆ ದಾಟಲು ಆಗುತ್ತಿರಲಿಲ್ಲ. ಅವರಿಬ್ಬರನ್ನೇ ಬಿಟ್ಟು ನಾನು ಬಚ್ಚಲಿಗೂ ಹೋಗುವುದಿಲ್ಲ. ಮಗಳಿಗೆ ಈಗ 4, ಇವತ್ತಿಗೂ ಹಾಗೆಯೇ. "ನಿಮ್ಮ ನಾಯಿ ಪಾಪ ಅಲ್ವಾ?" ಎಂದು ಬಂದವರು ಕೇಳುತ್ತಾರೆ. ಪಾಪವೇ. ಆದರೆ ಬಾಲ ಎಳೆದರೆ ಅವಳಿಗೂ ನೋಯುತ್ತದೆ.

3 ತಿಂಗಳಿಗೊಮ್ಮೆ ಹುಳದ ಮದ್ದು, ವರ್ಷಕ್ಕೊಮ್ಮೆ ರೇಬಿಸ್ ಚುಚ್ಚುಮದ್ದು ತಪ್ಪಿಸುವುದಿಲ್ಲ. ಸಂಜೆ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ಹುಡುಕುತ್ತೇನೆ. ಮಗಳು ಏಳುವ ಮೊದಲು ಅಂಗಳದಲ್ಲಿ ನಾಯಿಯ ಹೇಲು ಇದ್ದರೆ ತೆಗೆಯುತ್ತೇನೆ. ಕೊಕ್ಕೆ ಹುಳದ ಮರಿಗಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮಕ್ಕೇ ಹೊಕ್ಕುತ್ತವೆ. ನಮ್ಮ ಮಳೆಗಾಲ ಗೊತ್ತಲ್ಲ, ಅಂಗಳ ಒಣಗುವುದೇ ಇಲ್ಲ.

ಕಳೆದ ವರ್ಷ ಆಟದ ಭರದಲ್ಲಿ ಕೆಂಪಿಯ ಉಗುರು ಮಗಳ ಮೊಣಕೈಗೆ ತಾಗಿ ಚರ್ಮ ತರಚಿತು. ರಕ್ತ ಬರಲಿಲ್ಲ. ನಳ್ಳಿಯ ನೀರು ಬಿಟ್ಟು, ಸೋಪು ಹಾಕಿ 15 ನಿಮಿಷ ತೊಳೆದೆ. ಅವಳ ಅಳು ಕೇಳಲಾಗುತ್ತಿರಲಿಲ್ಲ, ಆದರೂ ಬಿಡಲಿಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ ಮೊದಲ ಚುಚ್ಚುಮದ್ದು, ಆಮೇಲೆ 3, 7, 28ನೇ ದಿನ. "ನಾಯಿಗೆ ಚುಚ್ಚಿಸಿದ್ದೀರಲ್ಲ, ಸುಮ್ನೆ ಯಾಕೆ?" ಎಂದವರು ಇದ್ದರು. ಮಗುವಿನ ವಿಷಯ, ನಾನು ಕೇಳಲಿಲ್ಲ.

ಗುರ್ ಎನ್ನುವ ಮೊದಲೂ ನಾಯಿ ತುಂಬ ಹೇಳುತ್ತದೆ. ಸುಮ್ಮನೆ ತುಟಿ ನೆಕ್ಕುತ್ತದೆ, ನಿದ್ದೆ ಬಾರದೆಯೂ ಆಕಳಿಸುತ್ತದೆ, ಮುಖ ತಿರುಗಿಸುತ್ತದೆ. ಇದನ್ನು ಮಗಳಿಗೆ ದಿನಾ ತೋರಿಸುತ್ತಾ ಬಂದೆ. ಮೊನ್ನೆ ಜಗಲಿಯಲ್ಲಿ ಕೆಂಪಿಯ ಬೆನ್ನು ಸವರುತ್ತಿದ್ದವಳು ತಾನಾಗಿ ಕೈ ತೆಗೆದು ನನ್ನ ಹತ್ತಿರ ಬಂದು ಕುಳಿತಳು.

"ಅಮ್ಮ, ಕೆಂಪಿ ಮುಖ ತಿರುಗಿಸಿದಳು. ಅವಳಿಗೆ ಸಾಕಂತೆ."