ಸತ್ತ ಕಾಟಿಯ ವೀರ್ಯದಿಂದ ಕರು: ನನ್ನ ಅನುಭವ

ಸತ್ತು ಇಡೀ ಒಂದು ದಿನ ಕಳೆದ ಕಾಟಿ (ಕಾಡುಕೋಣ) ಹೋರಿಯ ಬೀಜದಿಂದ (ವೃಷಣದಿಂದ) ವೀರ್ಯಾಣು ತೆಗೆದು, ಫ್ರೀಜ್ ಮಾಡಿ, ಕರು ಹುಟ್ಟಿಸಬಹುದು ಎಂದಾಗ ನಂಬಿದವರು ಕಡಿಮೆ. ‘ಸುಮ್ನೆ ನೈಟ್ರೋಜನ್ (ವೀರ್ಯ ಫ್ರೀಜ್ ಮಾಡಿಡುವ ದ್ರವ) ದಂಡ’ ಎಂದವರೇ ಜಾಸ್ತಿ. ಈಗ ಕರು ಹಾಲು ಕುಡಿದು ತಾಯಿಯ ಹಿಂದೆ ಓಡಾಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ಟ್ರಾ (ವೀರ್ಯ ಇಡುವ ಸಣ್ಣ ಕೊಳವೆ) ತುಂಬುವುದು, ಎಐ ಗನ್ (ಕೃತಕ ಗರ್ಭಧಾರಣೆಯ ಸಾಧನ) ಹಿಡಿಯುವುದು ಪಶುವೈದ್ಯರಿಗೆ ಗೊತ್ತಿರುವ ಕೆಲಸ, ಬಿಡಿ.

ಗೆಲ್ಲುವುದೂ ಸೋಲುವುದೂ ಬೀಜ ತರುವ ದಾರಿಯಲ್ಲೇ. ಮೊದಲೆಲ್ಲ ನಮಗೆ ಬೀಜಗಳು ನೇರ ಐಸ್ ಮೇಲೆ ಕೂತು ಬರುತ್ತಿದ್ದವು. ಎಪಿಡಿಡೈಮಿಸ್‌ನ (ಬೀಜಕ್ಕೆ ಅಂಟಿದ, ವೀರ್ಯಾಣು ಕೂಡಿಡುವ ನಾಳ) ತುದಿ ಕೊಯ್ದು ಒಂದು ಹನಿ ಸ್ಲೈಡ್‌ಗೆ ಹಾಕಿದರೆ ಬಾಲ ಸುರುಳಿಯಾದ ವೀರ್ಯಾಣುಗಳೇ ಕಾಣುತ್ತಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ. ‘ನೋಡಿ, ಸತ್ತ ಪ್ರಾಣಿ ಅಲ್ವಾ’ ಎಂದರು ಕೆಲವರು. ಅಲ್ಲ, ಅದು ಥಂಡಿಯ ಪೆಟ್ಟು. ಆಮೇಲೆ ಬೀಜದ ಚೀಲ ಬಿಚ್ಚದೆ, ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿಸಿದೆವು. ಐಸ್‌ಗೂ ಅದಕ್ಕೂ ನಡುವೆ ದಪ್ಪ ಟವೆಲ್. 5 ಡಿಗ್ರಿಗೆ ನಿಧಾನವಾಗಿ ಇಳಿಯಬೇಕು, ಅಷ್ಟೇ. ಹಾಗೆ ಬಂದ ಮಾಲಿನಲ್ಲಿ ಮರುದಿನವೂ ಶೇಕಡಾ 60ರ ಆಸುಪಾಸು ಚಲನೆ ಇತ್ತು. ಫ್ರೀಜ್ ಮಾಡಿ ಥಾ ಮಾಡಿದ (ಮತ್ತೆ ಕರಗಿಸಿದ) ಮೇಲೆ 35–40. ಸಾಕು.

ಡೈಲ್ಯೂಟರ್ (ವೀರ್ಯ ತೆಳು ಮಾಡಿ ಕಾಪಾಡುವ ದ್ರಾವಣ) ನಾಟಿ ಹೋರಿಗೆ ಬಳಸುವುದೇ: ಟ್ರಿಸ್ (ಆಮ್ಲತೆ ಹಿಡಿತದಲ್ಲಿಡುವ ರಾಸಾಯನಿಕ), ಮೊಟ್ಟೆಯ ಹಳದಿ, ಗ್ಲಿಸರಾಲ್ ಶೇಕಡಾ 6–7. ಜೊತೆಗೊಂದು ಸಕ್ಕರೆ ಸೇರಿಸುತ್ತೇವೆ. ಯಾವುದು, ಯಾವ ಹಂತದಲ್ಲಿ ಎಂಬುದನ್ನು ಈಗ ಹೇಳುವುದಿಲ್ಲ. ಇನ್ನೂ ಎರಡು ಜಾತಿಗಳಲ್ಲಿ ನೋಡಬೇಕಿದೆ.

ದುಡ್ಡಿನ ಮಾತು. ಉಪಕರಣ ಒಂದು ಸಲದ ಖರ್ಚು, ಹೇಗೋ ಹೊಂದುತ್ತದೆ. ನೈಟ್ರೋಜನ್ ಮಾತ್ರ ಪ್ರತಿ ವಾರ ಬೇಕು. ನಮ್ಮ ವರ್ಷದ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಗುತ್ತದೆ. ಹೊಸ ಯೋಜನೆಗೆ ಹಣ ಕೊಡುವವರು ಸಿಗುತ್ತಾರೆ, ನೈಟ್ರೋಜನ್ ಕ್ಯಾನ್ ತುಂಬಿಸಲು ಕೊಡುವವರು ಸಿಗುವುದಿಲ್ಲ. ಒಂದು ರಜೆಯಲ್ಲಿ ಒಂದು ಕ್ಯಾನ್‌ನ ವ್ಯಾಕ್ಯೂಮ್ (ಎರಡು ಗೋಡೆಗಳ ನಡುವಿನ ನಿರ್ವಾತ) ಹೋಯಿತು. ಕುತ್ತಿಗೆಯ ಸುತ್ತ ಬಿಳಿ ಹಿಮ ಕಟ್ಟಿತ್ತು. ಒಳಗೆ ಗೇಜ್ (ಅಳತೆ ಕೋಲು) ಇಳಿಸಿದರೆ ಒಣಗಿತ್ತು. ಮೂರು ಹೋರಿಗಳ ಮಾಲು ಹೋಯಿತು. ಆ ಹೋರಿಗಳು ಮತ್ತೆ ಹುಟ್ಟುವುದಿಲ್ಲ. ಅಂದಿನಿಂದ ಪ್ರತಿ ಪ್ರಾಣಿಯ ಮಾಲನ್ನೂ ಎರಡು ಪಾಲು ಮಾಡಿ, ಎರಡು ಊರುಗಳಲ್ಲಿ ಇಡುತ್ತೇವೆ.

ನಡುವೆ ಒಂದು ಪ್ರಯೋಗ ಮಾಡಿದೆವು. ಸ್ಟ್ರಾ ಚೆನ್ನಾಗಿದೆಯೇ ಎಂದು ತಿಳಿಯಲು ಕಾಟಿ ಹಸುವನ್ನೇ ಕಾಯಬೇಕಾಗಿಲ್ಲ. ನಾಟಿ ಹಸುವಿನಿಂದ ಸೂಜಿಯಲ್ಲಿ ತೆಗೆದ ಅಂಡಾಣುಗಳ ಜೊತೆ ಬಿಟ್ಟು ನೋಡಿದೆವು. ಐದರಲ್ಲಿ ಎರಡರಷ್ಟು ಒಡೆದು ಎರಡು ಜೀವಕೋಶವಾದವು. ಆಗಲೇ ನನಗೆ ಧೈರ್ಯ ಬಂದದ್ದು. ಕಿವಿಯ ಚರ್ಮದ ಜೀವಕೋಶಗಳನ್ನೂ ಬೆಳೆಸಿ ಇಡುತ್ತಿದ್ದೇವೆ. ಕಾಡುಪ್ರಾಣಿಯ ಕಿವಿಯಲ್ಲಿ ಬೂಷ್ಟು ವಿಪರೀತ. ಕೂದಲು ಬೋಳಿಸಿ ಅಯೋಡಿನ್‌ನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಜೀವಕೋಶ ಬೆಳೆಸುವ ಫ್ಲಾಸ್ಕ್ ಪೂರ್ತಿ ಹೋಗುತ್ತದೆ. ‘ಚರ್ಮ ಯಾಕೆ’ ಎಂದು ಕೇಳುವವರಿಗೆ ವಿಲ್ಲಾ ಎಂಬ ಕಪ್ಪುಕಾಲಿನ ಫೆರೆಟ್‌ನ (ಮುಂಗುಸಿಯಂತೆ ಕಾಣುವ ಅಮೆರಿಕದ ಕಾಡುಪ್ರಾಣಿ) ಕಥೆ ಹೇಳುತ್ತೇನೆ. 1988ರಲ್ಲಿ ಅದರ ಜೀವಕೋಶ ಫ್ರೀಜ್ ಮಾಡಿದ್ದರು. 2020ರ ಡಿಸೆಂಬರ್‌ನಲ್ಲಿ ಅದರಿಂದ ಎಲಿಜಬೆತ್ ಆ್ಯನ್ ಎಂಬ ತದ್ರೂಪಿ (ಕ್ಲೋನ್) ಹುಟ್ಟಿತು. ಆಗ ಉಳಿದಿದ್ದ ಕಪ್ಪುಕಾಲಿನ ಫೆರೆಟ್‌ಗಳೆಲ್ಲ ಏಳೇ ಪ್ರಾಣಿಗಳ ಸಂತತಿ. ವಿಲ್ಲಾ ಆ ಏಳರಲ್ಲಿ ಇರಲಿಲ್ಲ, ಅಂದರೆ ಕಳೆದುಹೋಗಿದ್ದ ವಂಶ ಚರ್ಮದಿಂದ ಮರಳಿ ಬಂತು.

ಹಸುಗಳದ್ದು ಬೇರೆ ಕಷ್ಟ. ಕಾಟಿ ಬೆದೆಗೆ ಬಂದದ್ದು ಹೊರಗಿನಿಂದ ಸರಿಯಾಗಿ ತಿಳಿಯುವುದಿಲ್ಲ. ಸಗಣಿಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಅಳೆದು ಋತುಚಕ್ರ ಗುರುತು ಮಾಡಿಕೊಂಡೆವು. ಕ್ರೇಟ್‌ಗೆ (ಹಸುವನ್ನು ನಿಲ್ಲಿಸುವ ಚೌಕಟ್ಟು) ಒಗ್ಗಿಸಲು ತಿಂಗಳುಗಟ್ಟಲೆ ಹಿಡಿಯಿತು. ಅವಸರ ಮಾಡಿ ಹೆದರಿಸಿದರೆ ಗಬ್ಬ ನಿಲ್ಲುವುದಿಲ್ಲ. ಮೊದಲ ಹಸುಗಳು ತಿರುಗಿ ಬೆದೆಗೆ ಬಂದವು. ಕೊನೆಗೆ ಒಂದು ನಿಂತಿತು, ಸುಮಾರು ಒಂಬತ್ತು ತಿಂಗಳಿಗೆ ಕರು ಹಾಕಿತು. ಹೆಣ್ಣು ಕರು!

ಆ ಹೋರಿಯ ಸ್ಟ್ರಾ ಇನ್ನೂ ನಲವತ್ತರಷ್ಟಿವೆ. ಮುಂದಿನ ಸರದಿ ಅದಕ್ಕೆ ನೆಂಟಲ್ಲದ ಹಿಂಡಿನ ಹಸುಗಳದ್ದು. ಎಲ್ಲಾದರೂ ಹೋರಿ ಸತ್ತ ಸುದ್ದಿ ಬಂದರೆ ಮೊದಲು ಬೀಜ, ಕಿವಿ ಚರ್ಮ ತೆಗೆದಿಡಿ. ಬ್ರುಸೆಲ್ಲಾ (ಗಬ್ಬ ಕಳೆಯುವ ಅಂಟುರೋಗದ ರೋಗಾಣು) ಪರೀಕ್ಷೆಗೆ ರಕ್ತವನ್ನೂ ತೆಗೆಯಿರಿ. ಅದರ ವರದಿ ಬರುವ ತನಕ ಆ ಸ್ಟ್ರಾಗಳು ಬೇರೆ ಕ್ಯಾನ್‌ನಲ್ಲಿರಲಿ.