ಉಂಗುರದ ಒಳಮೈ

ಪರಿಚಯದ ಸಂಗ್ರಾಹಕರೊಬ್ಬರು ಕರವಸ್ತ್ರದಲ್ಲಿ ಸುತ್ತಿ ತಂದ ಬೆಳ್ಳಿಯ ಉಂಗುರವನ್ನು ಕೈಗೆ ಕೊಟ್ಟಾಗ ನಾನು ಮೊದಲು ನೋಡಿದ್ದು ಅದರ ಒಳಮೈಯನ್ನು. ಅಕ್ಕಸಾಲಿಗರ ಮನೆಯಲ್ಲಿ ಬೆಳೆದವನಿಗೆ ಅದು ರೂಢಿ. ಹೊರಮೈಗೆ ಮೆರುಗು ಕೊಡುವುದು ಸುಲಭ, ಒಳಗೆ ಕೆಲಸಗಾರನ ಕೈ ಅಡಗುವುದಿಲ್ಲ. ಜರ್ಮನಿಗೆ ಬಂದು ಹಳೆಯ ಬೆಳ್ಳಿಯನ್ನು ಪರೀಕ್ಷಿಸುವ ಕೆಲಸ ಹಿಡಿದ ಮೇಲೂ ಆ ರೂಢಿ ಬಿಟ್ಟಿಲ್ಲ.

ಅದು ನಾಜಿ ಜರ್ಮನಿಯ ಎಸ್‌ಎಸ್ ಪಡೆಯ ಗೌರವದ ಉಂಗುರ ಎಂಬುದು ಅವರ ನಂಬಿಕೆ. ಆ ಪಡೆಯ ಮುಖ್ಯಸ್ಥ ಹಿಮ್ಲರ್ 1934ರ ಏಪ್ರಿಲ್‌ನಲ್ಲಿ ಆರಂಭಿಸಿದ ಈ ಉಂಗುರವನ್ನು ಮ್ಯೂನಿಕ್‌ನ ಗಾರ್ ಎಂಬ ಬೆಳ್ಳಿ ಕೆಲಸದ ಸಂಸ್ಥೆ ತಯಾರಿಸುತ್ತಿತ್ತು. ಸುತ್ತಲೂ ಓಕ್ ಎಲೆ, ನಡುವೆ ತಲೆಬುರುಡೆ, ಪಕ್ಕದಲ್ಲಿ ರೂನ್ ಎಂಬ ಹಳೆಯ ಲಿಪಿಯ ಮಾದರಿಯ ಚಿಹ್ನೆಗಳು. 1944ರ ಅಕ್ಟೋಬರ್‌ನಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಸುಮಾರು 14,500 ಉಂಗುರಗಳನ್ನು ಹಂಚಿದ್ದರು. ತೊಟ್ಟವನು ಸತ್ತರೆ ಅದನ್ನು ಆ ಪಡೆಯ ಕೈಯಲ್ಲಿದ್ದ ವೆವೆಲ್ಸ್‌ಬುರ್ಗ್ ಕೋಟೆಗೆ ಮರಳಿಸಬೇಕಿತ್ತು. ಹಾಗಾಗಿ ಅಸಲಿಗಳು ವಿರಳ, ನಕಲಿಗಳು ಹೇರಳ.

ಮೊದಲು ತೂಗಿದೆ. ಒಣಗಿದ್ದಾಗ 8.24 ಗ್ರಾಂ ಇದ್ದದ್ದು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 0.80 ಗ್ರಾಂ ಕಡಿಮೆ ತೂಗಿತು. ಒಣ ತೂಕವನ್ನು ಅದರಿಂದ ಭಾಗಿಸಿದರೆ ನೀರಿಗೆ ಹೋಲಿಸಿದ ಸಾಂದ್ರತೆ 10.3. ಶುದ್ಧ ಬೆಳ್ಳಿಯದು 10.49, ತಾಮ್ರ ಬೆರೆತರೆ ಸ್ವಲ್ಪ ಇಳಿಯುತ್ತದೆ. ಬೆಳ್ಳಿಯೇ ನಿಜ. ಸಂಗ್ರಾಹಕರ ಮುಖ ಅರಳಿತು. ಆದರೆ ನಕಲಿ ಮಾಡುವವನಿಗೂ ಬೆಳ್ಳಿ ಸಿಗುತ್ತದೆ. ತೂಕದಿಂದ ಲೋಹ ತಿಳಿಯುತ್ತದೆ, ಕಾಲ ತಿಳಿಯುವುದಿಲ್ಲ.

ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಕಣ್ಣಿಗೆ ಒತ್ತಿಕೊಂಡೆ. ಅಸಲಿಯಲ್ಲಿ ತಲೆಬುರುಡೆಯನ್ನು ಬೇರೆಯಾಗಿ ಮಾಡಿ ಪಟ್ಟಿಗೆ ಬೆಸೆಯುತ್ತಿದ್ದರು. ಇದರಲ್ಲಿ ಬೆಸುಗೆಯ ಗೆರೆಯೇ ಇರಲಿಲ್ಲ, ಬುರುಡೆಯೂ ಪಟ್ಟಿಯೂ ಒಂದೇ ಎರಕ. ಒಳಗಿನ ಅಕ್ಷರಗಳನ್ನು ನೋಡಿದ ಮೇಲೆ ಇದು ನಕಲಿ ಎಂಬುದರಲ್ಲಿ ಇದ್ದ ಅನುಮಾನವೂ ಹೋಯಿತು. ಪಡೆದವನ ಹೆಸರು, ದಿನಾಂಕ, ಹಿಮ್ಲರ್ ಸಹಿಯ ಪ್ರತಿ, ಇವೆಲ್ಲವನ್ನೂ ಆಗ ಉಳಿಯಿಂದ ಕೆತ್ತುತ್ತಿದ್ದರು. ಉಳಿ ಹರಿದ ಗೆರೆಯ ಅಂಚು ಚೂಪಾಗಿರುತ್ತದೆ, ತಳ ಮಿನುಗುತ್ತದೆ, ತಿರುವಿನಲ್ಲಿ ಕೈ ತಡೆದ ಗುರುತು ಉಳಿದಿರುತ್ತದೆ. ಇಲ್ಲಿ ಗೆರೆಗಳ ಅಂಚು ಸೋಪು ಕರಗಿದಂತೆ ದುಂಡಾಗಿತ್ತು, ತಳದಲ್ಲಿ ಸಾಸಿವೆಗಿಂತ ಸಣ್ಣ ಗುಳಿಗಳಿದ್ದವು. ಯಾವುದೋ ಉಂಗುರದ ಅಚ್ಚು ತೆಗೆದು ಕೆತ್ತನೆಯನ್ನೂ ಸೇರಿಸಿ ಎರಕ ಹೊಯ್ದಿದ್ದರು.

ರೂನ್ ಚಿಹ್ನೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇವು ಪ್ರಾಚೀನ ಜರ್ಮಾನಿಕ್ ಜನರ ಲಿಪಿಯಿಂದಲೇ ನೇರವಾಗಿ ಬಂದವು ಎಂದು ಮಾರುವವರು ಹೇಳುತ್ತಾರೆ. ಹಳೆಯ ಲಿಪಿಯಲ್ಲಿ 24 ಅಕ್ಷರಗಳಿದ್ದವು. ಉಂಗುರದ ಮೇಲಿನ ಹಗಾಲ್ ಮತ್ತು ಜೋಡಿ ಸಿಗ್ ಚಿಹ್ನೆಗಳಿಗೆ ಹೊರಿಸಿದ ಅರ್ಥ ಮಾತ್ರ ಗೀಡೊ ಫಾನ್ ಲಿಸ್ಟ್ ಎಂಬ ಆಸ್ಟ್ರಿಯನ್ 20ನೆಯ ಶತಮಾನದ ಆರಂಭದಲ್ಲಿ ತಾನೇ ರಚಿಸಿಕೊಂಡ 18 ಅಕ್ಷರಗಳ ಮಾಲೆಯದು. ಕಲ್ಲಿನ ಮೇಲೆ ಸತ್ತವರ ನೆನಪಿಗಾಗಿ ಜನ ಕೊರೆದ ಲಿಪಿಗೆ ಇಂಥ ಗತಿ ಬಂದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈ ಕೆಲಸದ ನಡುವೆ ನಾನು ವೆವೆಲ್ಸ್‌ಬುರ್ಗ್‌ಗೆ ಹೋಗಿ ಬಂದೆ. ಕೋಟೆಯ ಕಟ್ಟಡ ಕೆಲಸಕ್ಕಾಗಿ ಪಕ್ಕದಲ್ಲೇ ನೀಡರ್‌ಹಾಗೆನ್ ಸೆರೆಶಿಬಿರ ನಡೆಸಿದ್ದರು. ಅಲ್ಲಿದ್ದ ಸುಮಾರು 3,900 ಕೈದಿಗಳಲ್ಲಿ ಕನಿಷ್ಠ 1,285 ಜನ ಸತ್ತರು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಈಗ ಆ ಕಥೆಯನ್ನು ಮುಚ್ಚಿಡದೆ ಹೇಳುತ್ತಾರೆ. ಅಲ್ಲಿಂದ ಬಂದ ಮೇಲೆ ಇಂಥ ಉಂಗುರಗಳಿಗೆ ಬೆಲೆ ಕಟ್ಟುವುದನ್ನು ನಿಲ್ಲಿಸಿದೆ. ಅಸಲಿಯೋ ನಕಲಿಯೋ ಹೇಳುತ್ತೇನೆ, ಅಸಲಿಯಾದರೆ ವಸ್ತುಸಂಗ್ರಹಾಲಯದವರ ಕೈಗೆ ಕೊಡಿ ಎನ್ನುತ್ತೇನೆ. ಜರ್ಮನಿಯಲ್ಲಿ ಈ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನ ಅಪರಾಧ. ಅಧ್ಯಯನ, ಶಿಕ್ಷಣ, ಕಲೆಯಂಥ ಉದ್ದೇಶಗಳಿಗೆ ವಿನಾಯಿತಿ ಇದೆ. ಅದು ಸರಿಯಾದ ಕಾನೂನು.

ಸಂಗ್ರಾಹಕರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಉಂಗುರವನ್ನು ನನ್ನ ಬಳಿಯೇ ಬಿಟ್ಟು ಹೋದರು. ಎರಕದ ಅಕ್ಷರಕ್ಕೂ ಉಳಿಯ ಅಕ್ಷರಕ್ಕೂ ಇರುವ ವ್ಯತ್ಯಾಸವನ್ನು ಕಲಿಯಲು ಬರುವವರಿಗೆ ಅದನ್ನು ಮಸೂರದ ಕೆಳಗಿಟ್ಟು ತೋರಿಸುತ್ತೇನೆ. ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತೇನೆ.